ಜೋಡಿ ಲಾಗಿನ್

"ಇಪ್ಪತ್ತು ಟ್ಯಾಬ್ ಕೊಟ್ಟಿದ್ದೀವಿ, ಓಡ್ತಿರೋದು ಹತ್ತು. ಉಳಿದವರು ಕ್ಲಾಸಲ್ಲಿ ನಿದ್ದೆ ಮಾಡ್ತಾರಾ, ಮೇಡಂ?"

ಹೆಡ್ ಆಫೀಸ್ ಕಳಿಸಿದ ಟೆಕ್ನಿಷಿಯನ್ ಬಾಗಿಲಲ್ಲೇ ನಿಂತು ಆಡಿದ ಮೊದಲ ಮಾತು ಇದು. ನನಗೆ ಮೈಯೆಲ್ಲ ಉರಿಯಿತು. ದೊಡ್ಡವರಿಗೆ ಹೊಸ ಭಾಷೆ ಕಲಿಸುವ ಈ ಸಂಜೆ ಕ್ಲಾಸನ್ನು ನಾನು ಕೂಸಿನಂತೆ ಸಾಕಿದ್ದೆ. ಟ್ಯಾಬ್‌ಗಳು ಹೀಗೇ ಸುಮ್ಮನೆ ಬಿದ್ದಿದ್ದರೆ ಕ್ಲಾಸ್ ಮುಚ್ಚುತ್ತೇವೆಂದು ಆಫೀಸಿನವರು ಆಗಲೇ ಎಚ್ಚರಿಸಿದ್ದರು. ಈತನ ಒಂದು ರಿಪೋರ್ಟ್ ಹೋದರೆ ಕಥೆ ಮುಗಿದಂತೆ.

"ಒಳಗೆ ಬಂದು ನೋಡಿ. ಕಣ್ಣಿದೆಯಲ್ಲ?" ಎಂದೆ.

ಕಣ್ಣಿತ್ತು. ಹಾಳಾದ್ದು, ಚೆನ್ನಾಗಿಯೇ ಇತ್ತು.

ಮೊದಲ ಬೆಂಚಿನಲ್ಲಿ ಅತ್ತೆ ಸೊಸೆ ಒಂದೇ ಟ್ಯಾಬ್ ಮುಂದೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಇಯರ್‌ಫೋನಿನ ಒಂದು ತುದಿ ಇವಳ ಕಿವಿಯಲ್ಲಿ, ಇನ್ನೊಂದು ಅವರ ಕಿವಿಯಲ್ಲಿ. ಹಿಂದೆ ಟೈಲರ್ ಮತ್ತು ಬಸ್ ಡ್ರೈವರ್ ಕೂಡ ಹಾಗೆಯೇ. ಟೆಕ್ನಿಷಿಯನ್ ಸೊಸೆಯ ಕೈಗೆ ಬೇರೊಂದು ಟ್ಯಾಬ್ ಕೊಟ್ಟ. ಆಕೆ ನಕ್ಕು ತೆಗೆದುಕೊಂಡು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಅತ್ತೆ ಅಲ್ಲಿ ಒದ್ದಾಡ್ತಿದ್ರೆ ನಾನು ಬೇರೆ ಒಲೆ ಹೂಡಿದ ಹಾಗೆ ಇಲ್ಲಿ ಕೂರೋದಾ, ಸಾರ್?"

ಅತ್ತೆ ದನಿಗೂಡಿಸಿದರು. "ತಪ್ಪು ಹೇಳಿದ್ರೆ ಈ ಮೆಷಿನ್ನು ಕೆಂಪಗಾಗುತ್ತಪ್ಪ. ಇಬ್ರಿದ್ರೆ ನಗು ಬರುತ್ತೆ, ಒಬ್ಬಳೇ ಇದ್ರೆ ಅಳು ಬರುತ್ತೆ. ಬೇಕಾದ್ರೆ ನೀವೂ ಒಂದು ಪಾಠ ಮಾಡಿ ನೋಡಿ. ಜೊತೆಗೆ ಟೀಚರಮ್ಮ ಕೂರ್ತಾರೆ."

ಇಡೀ ಕ್ಲಾಸ್ ಮುಸಿಮುಸಿ ನಕ್ಕಿತು. ನಾನು ಮನಸ್ಸಿಲ್ಲದವಳಂತೆ ಹೋಗಿ ಕೂತೆ.

ವೈರು ಗಿಡ್ಡ. ಭುಜಕ್ಕೆ ಭುಜ ತಾಗದಿರಲೆಂದು ಇಬ್ಬರೂ ಪಟ್ಟ ಪಾಡು ನಮಗೇ ಗೊತ್ತು. ಹೊಸ ಭಾಷೆಯಲ್ಲಿ 'ನೀರು ಬೇಕು' ಎನ್ನಲು ಆತನ ನಾಲಿಗೆ ಹೊರಳಲೇ ಇಲ್ಲ. ಕೆಂಪು, ಮತ್ತೆ ಕೆಂಪು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಆತ ಓರೆಗಣ್ಣಲ್ಲಿ ನನ್ನನ್ನು ನೋಡಿ, ತಡೆಯಲಾರದೆ ತಾನೂ ನಕ್ಕುಬಿಟ್ಟ. ಕೆನ್ನೆಯಲ್ಲಿ ಗುಳಿ ಬೀಳುವ ಗಂಡಸಿನ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡುವುದು!

ಆಮೇಲೆ ದಿನಾ ಸಂಜೆ "ಚೆಕ್ ಮಾಡೋದಿದೆ" ಎಂದು ಹಾಜರಾಗತೊಡಗಿದ. ಚೆಕ್ ಆಗುತ್ತಿದ್ದದ್ದು ಏನೆಂದು ನನಗಿಂತ ಮೊದಲು ಅತ್ತೆ ಸೊಸೆಗೆ ತಿಳಿದಿತ್ತು.

ರಿಪೋರ್ಟ್ ಕೊಡುವ ದಿನ ಮಾತ್ರ ಜೋಲುಮೋರೆ ಹಾಕಿಕೊಂಡು ಬಂದ. ನಾನು ಪಾಠ ಬಿಟ್ಟು ಬಾಗಿಲಿಗೆ ಹೋದೆ.

"ಮುಚ್ತಾರಾ?"

"ಇಲ್ಲ. ಈ ಆ್ಯಪ್‌ಗೆ ಒಬ್ಬೊಬ್ಬರನ್ನ ಎಣಿಸೋದಷ್ಟೇ ಗೊತ್ತು, ಇವರು ಜೋಡಿಯಾಗಿ ಕಲೀತಾರೆ ಅಂತ ಆಫೀಸಲ್ಲಿ ಹೇಳಿದೆ. ಒಂದು ಟ್ಯಾಬಲ್ಲಿ ಇಬ್ಬರು ಲಾಗಿನ್ ಆಗೋ ಹಾಗೆ ಮಾಡಿ ತೋರಿಸಿದೆ, ಒಪ್ಕೊಂಡ್ರು. ಕ್ಲಾಸ್ ಉಳೀತು, ಮೇಡಂ."

ಹೋದ ಜೀವ ಬಂದಂತಾಗಿ ಕುರ್ಚಿಯಲ್ಲಿ ಕುಸಿದೆ. ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು.

"ಮತ್ತೆ ಮುಖ ಯಾಕೆ ಹಾಗಿದೆ? ನನ್ನ ಎದೆ ಒಡೆದೇ ಹೋಗಿತ್ತು!"

"ಕೆಲಸ ಮುಗೀತಲ್ಲ. ನಾಳೆಯಿಂದ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ? ನಿಮ್ಮನ್ನ ನೋಡದೆ ಇರೋದು ನನ್ನಿಂದ ಆಗಲ್ಲ."

ಹೇಳಿದವನು ನೆಲ ನೋಡುತ್ತ ಬ್ಯಾಗಿನ ಜಿಪ್ ಎಳೆಯುತ್ತಿದ್ದ. ಅದು ಆಗಲೇ ಹಾಕಿತ್ತು.

ನನ್ನಿಂದಲೂ ಆಗುತ್ತಿರಲಿಲ್ಲ. ಊರವರಿಗೆಲ್ಲ ಮಾತು ಕಲಿಸುವ ನಾನು ಕೊನೆಗೆ ಬಹುವಚನವನ್ನು ಮೂಲೆಗಿಟ್ಟೆ.

"ನೆಪ ಯಾಕೆ? ನಾಳೆ ಸುಮ್ನೆ ಬಾ."

ಆತ ತಟ್ಟನೆ ತಲೆಯೆತ್ತಿದ. "ಏನಂದ್ರಿ?"

"ಬಾ ಅಂದೆ."

"ಬರ್ತೀನಿ, ಮೇ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೆನ್ನೆಯಲ್ಲಿ ಗುಳಿ ಬಿತ್ತು. "ಬರ್ತೀನಿ ಕಣೇ."