ಇಲ್ಲದ ಅಣ್ಣನ ಗಡ್ಡ

“ಇದು ಯಾರದು?”

ಸಾಣೆಯವನು ಸುಮ್ಮನೆ ಕೇಳಿದ. ಕತ್ತರಿಗಳ ಚೀಲದ ತಳದಿಂದ, ಹಳೇ ಬಟ್ಟೆಯಲ್ಲಿ ಸುತ್ತಿದ ಒಂದು ಮಡಚುವ ಕ್ಷೌರದ ಕತ್ತಿ ಹೊರಬಂದರೆ ಯಾರಾದರೂ ಕೇಳುವ ಮಾತೇ ಅದು. ಆದರೂ ಅವಳ ಕಿವಿಯ ತುದಿ ಬಿಸಿಯಾಯಿತು. ಸ್ಕಾರ್ಫನ್ನು ಗದ್ದದ ಮೇಲಕ್ಕೆ ಎಳೆದುಕೊಂಡಳು.

“ನಮ್ಮಣ್ಣಂದು.”

ಅವಳಿಗೆ ಅಣ್ಣನಿರಲಿಲ್ಲ. ಮನೆಯಲ್ಲಿದ್ದದ್ದು ಅಮ್ಮ ಮತ್ತು ಅವಳು, ಇಬ್ಬರೇ. ಕತ್ತಿ ತೀರಿಹೋದ ಅಪ್ಪನದು.

“ಒಳ್ಳೇ ಕತ್ತಿ ಕಣ್ರೀ.” ಅವನು ಅದನ್ನು ಬಿಚ್ಚಿ ಅಲಗನ್ನು ಬೆಳಕಿಗೆ ಹಿಡಿದ. “ಪೂರ್ತಿ ಮೊಂಡಾಗಿದೆ. ನಿಮ್ಮಣ್ಣ ಇಷ್ಟು ದಿನ ಏನು, ಗಡ್ಡ ಬಿಟ್ಕೊಂಡು ಓಡಾಡ್ತಿದ್ರಾ?”

“ಇಲ್ಲ, ಈಗ ಕಲೀತಿದಾನೆ. ಮನೇಲೇ.”

“ಈ ಕತ್ತೀಲಿ, ಅದೂ ತಾನೇ ಮಾಡ್ಕೋತಾರಾ? ಭಲೇ ಗುಂಡಿಗೆ!”

ಅವನು ನಕ್ಕ. ಅವನು ನಕ್ಕರೆ ಮೊದಲು ಕಣ್ಣು ನಗುತ್ತಿತ್ತು, ಬಾಯಿ ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು. ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ವಾರಕ್ಕೊಮ್ಮೆ ಕತ್ತರಿಗಳನ್ನು ಇವನ ಹತ್ತಿರ ತರುತ್ತಿದ್ದಳು. ಆ ನಗುವನ್ನು ಕದ್ದು ನೋಡುತ್ತ ಬಂದು ಆಗಲೇ ಒಂದು ವರ್ಷವಾಗುತ್ತ ಬಂದಿತ್ತು. ನೇರವಾಗಿ ನೋಡುವ ಧೈರ್ಯವಿರಲಿಲ್ಲ. ನೇರವಾಗಿ ನೋಡಿದರೆ ಅವನೂ ನೇರವಾಗಿ ನೋಡುತ್ತಾನಲ್ಲ.

ಸಾಣೆ ಹಿಡಿದು ಮುಗಿಸಿ, ಹರಿತ ನೋಡಲು ಅವನು ತನ್ನ ಎಡ ಮುಂಗೈಯ ಮೇಲೆ ಕತ್ತಿಯನ್ನು ಹಗುರವಾಗಿ ಎಳೆದ. ಕೂದಲು ಸದ್ದಿಲ್ಲದೆ ಉದುರಿತು. ದಿನವೂ ಇದೇ ಕೆಲಸವಾದ್ದರಿಂದ ಆ ಕೈ ಅಲ್ಲಲ್ಲಿ ಬೋಳುಬೋಳಾಗಿತ್ತು.

“ಹುಷಾರು ಅಂತ ಹೇಳಿ ಅಣ್ಣನಿಗೆ. ಇದಕ್ಕೆ ನೆಂಟಸ್ತಿಕೆ ಗೊತ್ತಾಗಲ್ಲ.”

*

ಅವಳಿಗೆ ಹದಿನಾರು ತುಂಬುವ ಹೊತ್ತಿಗೆ ಗದ್ದದ ಕೆಳಗೆ ಕಪ್ಪು ಕೂದಲು ಕಾಣಿಸಿಕೊಂಡಿತ್ತು. “ಹಾರ್ಮೋನಿಂದು ಕಣಮ್ಮ, ಎಷ್ಟೋ ಜನಕ್ಕೆ ಇರುತ್ತೆ,” ಎಂದು ಡಾಕ್ಟರು ಹೇಳಿದ್ದರು. ಆ ಎಷ್ಟೋ ಜನರಲ್ಲಿ ಒಬ್ಬಳನ್ನೂ ಅವಳು ಕಂಡಿರಲಿಲ್ಲ. ಅಮ್ಮ ಒಂದೇ ಮಾತು ಹೇಳಿದ್ದಳು: “ಬಾಗಿಲು ಹಾಕ್ಕೊಂಡು ಮಾಡ್ಕೋ. ಯಾರಿಗೂ ಹೇಳಬೇಡ.”

ಅಂದಿನಿಂದ ಏಳೆಂಟು ವರ್ಷ, ದಿನವೂ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಊಟಕ್ಕೆ ಕೂತಾಗ ಕಿಟಕಿಗೆ ಬೆನ್ನು ಹಾಕುತ್ತಿದ್ದಳು, ಪಕ್ಕದಿಂದ ಬೆಳಕು ಬಿದ್ದರೆ ಗದ್ದದ ನೆರಳು ಹೇಳಿಬಿಡುತ್ತದೆಂದು. ವ್ಯಾಕ್ಸ್ ಮಾಡಿದರೆ ಬೊಬ್ಬೆ ಏಳುತ್ತಿತ್ತು. ಬಳಸಿ ಬಿಸಾಡುವ ರೇಜರುಗಳಿಂದ ಚರ್ಮದ ತುಂಬ ಕೆಂಪು ಗುಳ್ಳೆ. ಕೂದಲು ಹೊರಗೆ ಬರುವುದು ಬಿಟ್ಟು ಒಳಗೇ ಸುತ್ತಿಕೊಳ್ಳುತ್ತಿತ್ತು. ಒಂದೇ ಅಲಗಿನ ಕತ್ತಿಯಾದರೆ ಇಷ್ಟು ಕಾಟವಿರಲ್ಲ ಎಂದು ಚರ್ಮದ ಡಾಕ್ಟರು ಹೇಳಿದಾಗ ಅಪ್ಪನ ಕತ್ತಿ ನೆನಪಾಗಿತ್ತು.

ಸಾಣೆ ಹಿಡಿದ ಕತ್ತಿಯ ಮೊದಲ ದಿನ ಕೈ ಮಾತು ಕೇಳಲಿಲ್ಲ. ದಿನವಿಡೀ ಹನ್ನೆರಡು ಪದರ ಬಟ್ಟೆಯನ್ನು ಒಂದೇ ಗೆರೆಗೆ ಕತ್ತರಿಸುವ ಕೈ ಅದು. ತನ್ನ ಮುಖದ ಮುಂದೆ ಮಾತ್ರ ಬೇರೆ ಯಾರದೋ ಕೈಯಾಯಿತು. ತುಟಿಯ ಕೆಳಗೆ ಚುರ್ರೆಂದಿತು. ಬಿಳಿ ನೊರೆ ಗುಲಾಬಿ ಬಣ್ಣಕ್ಕೆ ತಿರುಗಿತು.

“ಏನಾಯ್ತೇ?” ಹೊರಗಿನಿಂದ ಅಮ್ಮ.

“ಏನಿಲ್ಲಮ್ಮ.”

ಅಂಗಡಿಯಲ್ಲಿ ಕೇಳಿದವರಿಗೆ ಬೆಕ್ಕು ಪರಚಿತು ಎಂದಳು. ಇಲ್ಲದ ಅಣ್ಣನ ಜೊತೆಗೆ ಇಲ್ಲದ ಬೆಕ್ಕೂ ಮನೆಗೆ ಬಂದು ಸೇರಿತು.

*

“ಅಣ್ಣ ಏನಂತಾರೆ? ಮೂಗು ಕಿವಿ ಎಲ್ಲ ಇದ್ದಲ್ಲೇ ಇದಾವಾ?”

“ಕುಯ್ಕೊಂಡ.”

“ಒತ್ತಿರ್ತಾರೆ. ಒತ್ತಬಾರದು ಕಣ್ರೀ, ಕತ್ತಿ ಭಾರವೇ ಸಾಕು. ಅದು ಚರ್ಮದ ಮೇಲೆ ಮಲಗಲೂಬಾರದು, ಎದ್ದು ನಿಲ್ಲಲೂಬಾರದು. ಗೋಡೆಗೆ ಒರಗಿ ಕೂತ ಹಾಗಿರಬೇಕು.” ಅವನು ಸುತ್ತ ಹುಡುಕಿ ಒಂದು ಮರದ ಸ್ಕೇಲನ್ನು ಅವಳ ಕೈಗಿತ್ತ. “ಬಾಯಲ್ಲಿ ಹೇಳಿದ್ರೆ ಅಣ್ಣನಿಗೆ ಮುಟ್ಟಲ್ಲ. ನೀವು ಕಲ್ತು ತೋರಿಸಿ. ಇದೇ ಕತ್ತಿ ಅಂದ್ಕೊಳ್ಳಿ, ಇದು ಅಣ್ಣನ ಕೆನ್ನೆ.”

ಕೌಂಟರಿನ ಮೇಲಿಂದ ತನ್ನ ಕೆನ್ನೆಯನ್ನೇ ಮುಂದೆ ಮಾಡಿದ.

ಅವಳು ಸ್ಕೇಲನ್ನು ಬಲಗೈಗೆ ಬದಲಾಯಿಸಿಕೊಂಡಳು. ಆಮೇಲೆ ಎಡಗೈಯ ಎರಡು ಬೆರಳಿಂದ ಅವನ ಕಿವಿಯ ಬುಡದ ಚರ್ಮವನ್ನು ಮೇಲಕ್ಕೆಳೆದು, ಸ್ಕೇಲನ್ನು ಕೆಳಕ್ಕೆ ಜಾರಿಸಿದಳು.

“ಹಾಂ, ಹಾಗೆ,” ಎಂದ, ತುಟಿ ಅಲ್ಲಾಡಿಸದೆ. “ಇನ್ನೂ ಮೆಲ್ಲಗೆ. ಅಣ್ಣ ಅಂದ್ರೆ ಅಷ್ಟು ಸಿಟ್ಟಾ?”

ಅವನ ಕಣ್ಣು ಪಕ್ಕಕ್ಕೆ ಸರಿದು ಅವಳನ್ನು ನೋಡಿತು. ಅವಳ ಕಣ್ಣು ಸ್ಕೇಲಿನ ಮೇಲೇ ಇತ್ತು, ಆದರೆ ಸ್ಕೇಲು ದಾರಿ ತಪ್ಪಿ ಮೂಗಿಗೆ ಹೋಯಿತು. ಇಬ್ಬರೂ ನಕ್ಕರು. ನಗುವ ಭರಕ್ಕೆ ಅವಳ ಸ್ಕಾರ್ಫ್ ಜಾರಿತು. ಅವಳು ನಗುವುದನ್ನು ಅಲ್ಲಿಗೇ ನಿಲ್ಲಿಸಿ ಅದನ್ನು ಸರಿಮಾಡಿಕೊಂಡಳು.

“ಬಲೂನು ಊದಿ, ನೊರೆ ಹಚ್ಚಿ ಬೋಳಿಸೋಕೆ ಹೇಳಿ,” ಎಂದ, ಅವಳು ಹೊರಡುವಾಗ. “ಒಡೀಲಿಲ್ಲ ಅಂದ್ರೆ ಪಾಸು.”

ಆ ವಾರ ಬಚ್ಚಲಿನಿಂದ ಪಟಾರ್ ಪಟಾರ್ ಸದ್ದು ಬರುತ್ತಲೇ ಇತ್ತು. ಒಲೆಯ ಮುಂದಿದ್ದ ಅಮ್ಮ ಪ್ರತಿ ಸಲವೂ ಬೆಚ್ಚಿ ಸೌಟು ಬೀಳಿಸಿ, “ನನ್ನ ಜೀವ ತೆಗೀಬೇಡ ಕಣೇ!” ಎಂದು ಕೂಗುತ್ತಿದ್ದಳು. ಕೊನೆಗೊಂದು ಬಲೂನು ಒಡೆಯದೆ ಉಳಿಯಿತು.

ಗದ್ದವೂ ಉಳಿಯಿತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಮೊದಲು, ಆಮೇಲೆ ದಪ್ಪ ನೊರೆ, ಆಮೇಲೆ ಕೂದಲು ಹೋದ ದಿಕ್ಕಿಗೇ ಕತ್ತಿ. ಸಣ್ಣಗೆ ಸರಸರ ಎನ್ನುವ ಸದ್ದು ಕೇಳಿದರೆ ಸರಿಯಾಗಿದೆ ಎಂದರ್ಥ. ಅದನ್ನೂ ಅವನೇ ಹೇಳಿದ್ದ. ತಿಂಗಳೊಪ್ಪತ್ತಿನಲ್ಲಿ ಗುಳ್ಳೆಗಳು ಮಾಸಿದವು. ಒಂದು ಮಧ್ಯಾಹ್ನ ಅವಳು ಸ್ಕಾರ್ಫಿಲ್ಲದೆ ಸಾಣೆಯಂಗಡಿಗೆ ಹೋದಳು.

ಅವನು ಚಕ್ರ ನಿಲ್ಲಿಸಿದ. ನೋಡಿದ. ಚಕ್ರವನ್ನು ಮತ್ತೆ ತಿರುಗಿಸಲು ಮರೆತು, ನಿಂತ ಕಲ್ಲಿಗೇ ಕತ್ತರಿ ಹಿಡಿದ.

“ಇವತ್ತು ಏನೋ ಬೇರೆ ಥರ ಕಾಣ್ತಿದೀರಿ.”

“ಸೆಕೆ,” ಎಂದಳು.

ಅವನು ಖುಷಿಯಲ್ಲಿದ್ದ. ಖುಷಿಯಾದರೆ ಅವನ ನಾಲಿಗೆಗೆ ಬ್ರೇಕ್ ಇರುತ್ತಿರಲಿಲ್ಲ. ಕತ್ತರಿಗಳ ಜೊತೆ ಬಂದಿದ್ದ ಕ್ಷೌರದ ಕತ್ತಿಯನ್ನು ಬಿಚ್ಚಿ ನೋಡಿದ. “ನಿಮ್ಮಣ್ಣನದು ಎಂಥಾ ಗಡ್ಡ ರೀ? ಇಷ್ಟು ಬೇಗ ಅಲಗು ಸವೆಸಿದಾರೆ! ಮುಳ್ಳುಹಂದಿ ಜಾತಿ ಇರಬೇಕು. ಪಾಪ, ಪಕ್ಕದಲ್ಲಿ ಮಲಗೋ ಜೀವದ ಗತಿ ಏನು? ದಿನಾ ಬೆಳಿಗ್ಗೆ ಆ ಮುಖ ನೋಡ್ಕೊಂಡು ಏಳಬೇಕಲ್ಲ!”

ಅವಳೂ ನಗಬೇಕಿತ್ತು. ಅಣ್ಣನ ತಂಗಿಯಾದವಳು ನಗುತ್ತಿದ್ದಳು. ಅವಳ ಮುಖ ಮಾತ್ರ ಒಡೆದ ಹಾಲಿನಂತಾಯಿತು.

“ಅಯ್ಯೋ, ತಮಾಷೆಗಂದೆ,” ಎಂದ. ಆಮೇಲೆ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ, ದನಿ ತಗ್ಗಿಸಿದ. “ಅಣ್ಣನ ಹತ್ರ ಸ್ವಲ್ಪ ಮಾತಾಡೋದಿತ್ತು. ನಿಮ್ಮ ವಿಷಯಾನೇ. ಈ ಭಾನುವಾರ ಮನೆಗೆ ಬರಲಾ?”

ಒಂದು ವರ್ಷದಿಂದ ಅವಳು ಕಾದಿದ್ದ ಮಾತು. ಬಂದದ್ದು ಹೀಗೆ, ಮುಳ್ಳುಹಂದಿಯ ಬೆನ್ನೇರಿ.

“ಅಣ್ಣ ಊರಲ್ಲಿಲ್ಲ.”

“ಬರೋವರೆಗೂ ಕಾಯ್ತೀನಿ.”

ಕತ್ತಿ, ಕತ್ತರಿಗಳನ್ನು ಚೀಲಕ್ಕೆ ತುರುಕಿಕೊಂಡು ಅವಳು ಹೊರಟುಬಂದಳು. ಬೀದಿಯಲ್ಲಿ ಎದುರಾದವರೆಲ್ಲ ತನ್ನ ಗದ್ದವನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮನೆ ಸೇರಿದಳು.

*

ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕತ್ತರಿಗಳು ಮೊಂಡಾದವು. ಅಂಗಡಿಯಲ್ಲಿ ಜೊತೆಯವರು ಗೊಣಗಿದರು, “ಇದರಲ್ಲಿ ಬಟ್ಟೆ ಕತ್ತರಿಸೋದಾ, ಅಗಿಯೋದಾ?” ಅವಳು ನೆಪದ ಮೇಲೆ ನೆಪ ಹೇಳಿದಳು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಅವಳು ಬಚ್ಚಲಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅಮ್ಮ ಹೋಗಿ ತೆರೆದಳು.

“ನಮಸ್ಕಾರ ಅಮ್ಮ. ನಾನು ಕತ್ತರಿ ಸಾಣೆ ಹಿಡಿಯೋನು. ಅಂಗಡಿಯವರು ಅಡ್ರೆಸ್ ಕೊಟ್ರು. ಅಣ್ಣ ಇದಾರಾ? ಕತ್ತಿ ಮಸೆಯೋಕೆ ಅಂತ ಒಂದು ಚರ್ಮದ ಪಟ್ಟಿ ತಂದಿದ್ದೆ.”

ಬಚ್ಚಲಲ್ಲಿ ಅವಳ ಕೈ ನಿಂತಿತು. ಅರ್ಧ ಗದ್ದ ಮುಗಿದಿತ್ತು, ಅರ್ಧ ನೊರೆಯಲ್ಲಿತ್ತು.

“ಯಾವ ಅಣ್ಣನಪ್ಪ? ನನಗಿರೋಳು ಒಬ್ಬಳೇ ಮಗಳು.”

ಆಚೆ ಚಪ್ಪಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದ ಸದ್ದಾಯಿತು. ಆಮೇಲೆ ಅವನ ದನಿ ಬಂತು. ಅಷ್ಟು ಸಣ್ಣ ದನಿಯನ್ನು ಅವಳು ಅವನಲ್ಲಿ ಎಂದೂ ಕೇಳಿರಲಿಲ್ಲ.

“ಹೌದಾ? ಕ್ಷಮಿಸಿ ಅಮ್ಮ. ನನ್ನ ದೂರ ಇಡೋಕೆ ಹಾಗೆ ಹೇಳಿದಾರೆ ಅಂತ ಕಾಣುತ್ತೆ. ನನಗೇ ಅರ್ಥ ಆಗಬೇಕಿತ್ತು. ಬರ್ತೀನಿ.”

ಬಾಗಿಲು ತೆಗೆಯದೆ ಇದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅವನು ಮಾತ್ರ ತಾನು ಬೇಡದವನೆಂದುಕೊಂಡು ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಅದೊಂದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಚಿಲಕ ಸರಿಸಿ ಹೊರಬಂದಳು. ಗದ್ದದಲ್ಲಿ ನೊರೆ, ಕೈಯಲ್ಲಿ ಕತ್ತಿ.

“ಅಣ್ಣನ್ನ ನೋಡಬೇಕಿತ್ತಲ್ಲ,” ಎಂದಳು. “ನೋಡಿ. ನಾನೇ.”

“ಒಳಗೆ ಹೋಗೇ!” ಎಂದು ಅಮ್ಮ ಸೆರಗು ಹಿಡಿದು ಅಡ್ಡ ಬಂದಳು. ಅವಳು ಅಮ್ಮನನ್ನು ಪಕ್ಕಕ್ಕೆ ಸರಿಸಿದಳು.

ಅವನ ಕಣ್ಣು ಕತ್ತಿಗೆ ಹೋಯಿತು, ನೊರೆಗೆ ಹೋಯಿತು, ನೊರೆಯ ಅಂಚಿನಲ್ಲಿದ್ದ ಕಪ್ಪು ಚುಕ್ಕೆಗಳಿಗೆ ಹೋಯಿತು. ಒಂದೊಂದಾಗಿ ಎಲ್ಲವೂ ಅವನಿಗೆ ಅರ್ಥವಾಗುತ್ತಿರುವುದನ್ನು ಅವಳು ನಿಂತು ನೋಡಿದಳು. ಅವನ ಮುಖ ಕೆಂಪಾಯಿತು. ಚರ್ಮದ ಪಟ್ಟಿಯನ್ನು ಹೊಸ್ತಿಲ ಮೇಲಿಟ್ಟ. ಒಂದು ಮಾತೂ ಆಡದೆ, ತಲೆ ಎತ್ತದೆ, ಹೊರಟುಹೋದ.

ನೊರೆ ಗದ್ದದ ಮೇಲೇ ಒಣಗಿತು. ಉಳಿದರ್ಧವನ್ನು ಮುಗಿಸಲು ಅವಳಿಗೆ ಮನಸ್ಸು ಬರಲಿಲ್ಲ. ತನ್ನ ಮೈಚರ್ಮವನ್ನೇ ಸುಲಿದು ಎಲ್ಲಾದರೂ ಬಚ್ಚಿಡುವಂತಿದ್ದರೆ ಎನ್ನಿಸಿತು. ಅಮ್ಮ ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದು, ಕೊನೆಗೆ, “ಬಾಗಿಲು ಹಾಕ್ಕೋ ಅಂತ ಕಲಿಸಿದೋಳು ನಾನೇ. ನನ್ನ ಬಾಯಿಗಿಷ್ಟು ಬೆಂಕಿ ಹಾಕ,” ಎಂದು ಒದ್ದೆ ಬಟ್ಟೆಯಿಂದ ಮಗಳ ಮುಖ ಒರೆಸಿದಳು.

*

ಮೂರು ದಿನ ಅವಳು ಕತ್ತಿ ಮುಟ್ಟಲಿಲ್ಲ. ಸ್ಕಾರ್ಫ್ ಸುತ್ತಿಕೊಂಡೇ ಕೆಲಸ ಮಾಡಿದಳು. ನಾಲ್ಕನೆಯ ದಿನ ಮಾಲೀಕರು ಕತ್ತರಿಗಳ ಚೀಲವನ್ನು ಮೇಜಿನ ಮೇಲೆ ಕುಕ್ಕಿ, “ಇವತ್ತು ಸಾಣೆ ಆಗಲೇಬೇಕು,” ಎಂದರು.

ದಾರಿಯಲ್ಲಿ ನಾಚಿಕೆಯ ಜೊತೆಗೆ ಸಿಟ್ಟೂ ಬಂತು. ಬೇಡ ಎನ್ನುವುದಾದರೆ ಬಾಯಿಬಿಟ್ಟು ಹೇಳಲಿ. ಓಡಿಹೋಗುವುದು ಎಂಥ ಗಂಡಸುತನ? ಸಾಣೆಯಂಗಡಿಯ ಮೆಟ್ಟಿಲ ಮೇಲೆ ಸ್ಕಾರ್ಫನ್ನು ಎಳೆದು ಚೀಲಕ್ಕೆ ಹಾಕಿದಳು. ನಟ್ಟನಡು ಮಧ್ಯಾಹ್ನದ ಬಿಸಿಲು ಅವಳ ಗದ್ದದ ಮೇಲೆ ಬಿತ್ತು.

“ಸಾಣೆ ಹಿಡೀಬೇಕು,” ಎಂದು ಚೀಲವನ್ನು ಕೌಂಟರಿನ ಮೇಲಿಟ್ಟಳು. “ಮುಳ್ಳುಹಂದಿ ಬಂದಿದೀನಿ.”

ಅವನು ಎದ್ದು ನಿಂತ. ಕಲ್ಲು ತೊಳೆಯುವ ನೀರಿನ ಡಬ್ಬಿಗೆ ಕಾಲು ತಾಗಿ ನೀರೆಲ್ಲ ಚೆಲ್ಲಿತು.

“ಆ ಮಾತು ಅನ್ನಬೇಡಿ.”

“ನೀವೇ ಅಂದಿದ್ದು.”

“ಅಂದೆ. ಅದಕ್ಕೇ ಅವತ್ತು ಓಡಿಹೋಗಿದ್ದು.” ಅವನು ಅವಳನ್ನು ನೋಡಲಾರದೆ ಕೌಂಟರಿನ ಅಂಚನ್ನು ನೋಡಿದ. “ಎಷ್ಟು ದಿನ, ಎಷ್ಟು ಜೋಕು. ನಿಮ್ಮ ಮುಂದೆ ದೊಡ್ಡ ಮನುಷ್ಯನ ಥರ ಆಡಿದ್ದೇ ಆಡಿದ್ದು. ನೀವು ಸುಮ್ಮನೆ ಕೇಳಿಸ್ಕೊಂಡು ನಿಂತಿದ್ರಿ. ಆಡಿದ ಮಾತೆಲ್ಲ ಅವತ್ತು ಒಟ್ಟಿಗೆ ನೆನಪಾಯ್ತು. ನಿಮಗೆ ತೋರಿಸೋಕೆ ನನಗೆ ಮುಖ ಇರಲಿಲ್ಲ ಕಣ್ರೀ.”

ಅವಳು ಬಯ್ಯಲೆಂದು ಸಿದ್ಧಮಾಡಿಕೊಂಡು ಬಂದ ಮಾತುಗಳು ಎಲ್ಲೋ ಚದುರಿಹೋದವು. ಅಸಹ್ಯಪಟ್ಟು ಹೋದನೆಂದು ನಾಲ್ಕು ದಿನ ಬೆಂದಿದ್ದಳು. ಅವನೂ ಬೆಂದಿದ್ದ, ಬೇರೆ ಒಲೆಯಲ್ಲಿ.

“ದಿನಾ ಬೆಳಿಗ್ಗೆ ಹೀಗೇ ಇರುತ್ತೆ,” ಎಂದಳು. “ಮದ್ದಿಲ್ಲ. ವಯಸ್ಸಾದ್ರೆ ಇನ್ನೂ ಜಾಸ್ತಿ ಆಗಬಹುದು. ಪಕ್ಕದಲ್ಲಿ ಮಲಗೋ ಜೀವದ ಗತಿ ಏನು ಅಂತ ಕೇಳಿದ್ರಲ್ಲ. ಯೋಚನೆ ಮಾಡಿ.”

“ಮಾಡಿದೆ. ನಾಲ್ಕು ದಿನ ಬೇರೇನೂ ಕೆಲಸ ಮಾಡಿಲ್ಲ. ಬೇಕಾದ್ರೆ ನೋಡಿ,” ಎಂದು ಹಿಂದೆ ರಾಶಿ ಬಿದ್ದಿದ್ದ ಚಾಕುಗಳನ್ನು ತೋರಿಸಿದ. “ಆ ಜೀವ ನಾನೇ ಆದ್ರೆ ಪುಣ್ಯ ಅನ್ನಿಸ್ತು.”

ಅವಳು ಚೀಲ ಬಿಚ್ಚಿ ಕತ್ತರಿಗಳನ್ನು ಒಂದೊಂದಾಗಿ ಕೌಂಟರಿನ ಮೇಲೆ ಸಾಲಾಗಿಟ್ಟಳು.

“ಭಾನುವಾರ ಕೇಳೋಕೆ ಬಂದಿದ್ದು ಕೇಳಲೇ ಇಲ್ಲ,” ಎಂದ. “ಯಾರನ್ನ ಕೇಳಲಿ ಈಗ?”

“ನನ್ನನ್ನೇ ಕೇಳಿ.”

ಕೇಳಿದ. ಅಷ್ಟು ಮಾತಿನ ಮಲ್ಲ, ಆ ಒಂದು ವಾಕ್ಯಕ್ಕೆ ಮೂರು ಕಡೆ ತೊದಲಿದ. ಅವಳು ಹೂಂ ಅಂದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಅಂದಳು.

ಅವನ ಕೈ ಕೌಂಟರಿನ ಮೇಲಿಂದ ಎದ್ದು, ಅರ್ಧ ದಾರಿಯಲ್ಲಿ ನಿಂತಿತು. “ಮುಟ್ಟಲಾ?”

ಗಾಬರಿಯಿಂದ ಅವಳ ಮೈ ಹಿಂದಕ್ಕೆ ವಾಲಿತು. ಆ ಗದ್ದವನ್ನು ಅವಳೇ ಎಂದೂ ಅಕ್ಕರೆಯಿಂದ ಮುಟ್ಟಿಕೊಂಡಿರಲಿಲ್ಲ. ಅವನು ಕೈ ಹಿಂದೆಗೆಯಲಿಲ್ಲ, ಮುಂದಕ್ಕೂ ತರಲಿಲ್ಲ, ಹಾಗೇ ಕಾದ.

ಆಗ ಬಾಗಿಲಲ್ಲಿ ಯಾರೋ ಬಂದು, “ಏನ್ರೀ, ನಮ್ಮ ಚಾಕು ಆಯ್ತಾ?” ಎಂದರು.

“ಇವತ್ತು ಆಗಲ್ಲ, ನಾಳೆ ಬನ್ನಿ,” ಎಂದ ಅವನು, ತಿರುಗಿಯೂ ನೋಡದೆ.

ಬಂದವರು ಹೋದರೋ, ಅಲ್ಲೇ ನಿಂತು ನೋಡುತ್ತಿದ್ದರೋ ಅವಳಿಗೆ ಗೊತ್ತಾಗಲಿಲ್ಲ. ಮುಖವೆಲ್ಲ ನಾಚಿಕೆಯಿಂದ ಉರಿಯುತ್ತಿತ್ತು. ಆ ಉರಿಯುವ ಮುಖವನ್ನೇ ಮುಂದಕ್ಕೆ ತಂದು, ನಾಲ್ಕು ದಿನದ ಗದ್ದವನ್ನು ಅವನ ಅಂಗೈಯಲ್ಲಿ ಇಟ್ಟಳು.