ಮೊಣಕೈ ಆಚೆಯ ಧೂಳು

ವ್ಯಾನ್ ನಿಲ್ಲಲಿಲ್ಲ. ನಾನೂ ಅದರ ಬಾಗಿಲು ಬಿಡಲಿಲ್ಲ!

ಟಾರು ರಸ್ತೆ ನನ್ನ ಬೂಟನ್ನು ತಿನ್ನುತ್ತಿತ್ತು. ಒಳಗಿದ್ದವನು ಬ್ರಷ್ ಎತ್ತಿ ನನ್ನ ಬೆರಳುಗಳ ಮೇಲೆ ಬಾರಿಸಿದ. ಒಂದು... ಇನ್ನೊಂದು...

"ಬಿಡ್ರೀ! ಸತ್ತೋಗ್ತೀರಾ!"

"ನಿಲ್ಲಿಸೋ! ಸಾಯೋದು ಯಾರು ಅಂತ ಆಮೇಲೆ ನೋಡೋಣ!"

ತಿರುವಿನಲ್ಲಿ ಕಸದ ಲಾರಿ ಅಡ್ಡ ಬಂತು. ಬ್ರೇಕ್ ಕಿರುಚಿತು. ಕಾಲರ್ ಹಿಡಿದು ಅವನನ್ನು ಕಿಟಕಿಯಿಂದಲೇ ಅರ್ಧ ಹೊರಗೆಳೆದೆ.

ಕೊಲೆಗಾರ ಅಂದುಕೊಂಡಿರಾ? ಅಲ್ಲ. ಡಕ್ಟ್, ಅಂದರೆ ಮನೆಯ ಗಾಳಿ ಕೊಳವೆ, ಕ್ಲೀನ್ ಮಾಡುವವನು!

ನಗಬೇಡಿ. ನಾನು ಪತ್ತೇದಾರ. ತಲೆಮರೆಸಿಕೊಂಡ ಖದೀಮರನ್ನು ಹುಡುಕಿ ಎಳೆದು ತರುವುದು ನನ್ನ ಹೊಟ್ಟೆಪಾಡು. ಆದರೆ ನನ್ನದೇ ಮನೆಯ ಡಕ್ಟ್ ಕ್ಲೀನ್ ಮಾಡಲು ಒಬ್ಬ ಸರಿಯಾದ ಮನುಷ್ಯ ಸಿಗಲಿಲ್ಲ ನೋಡಿ... ತಲೆ ಚಿಟ್ಟು ಹಿಡಿದುಹೋಗಿತ್ತು.

ಅಕ್ಕ ಮತ್ತು ಅವಳ ಮಗಳು ನನ್ನ ಜೊತೆಗೇ ಇರುವುದು. ಮಗುವಿಗೆ ಉಬ್ಬಸ. ಛಾವಣಿಯೊಳಗೆ ಹಾದು ಕೋಣೆ ಕೋಣೆಗೂ ಗಾಳಿ ತರುವ ತಗಡಿನ ಡಕ್ಟ್‌ಗಳಲ್ಲಿ ವರ್ಷಗಳ ಧೂಳು. ಮಗು ಆಸ್ಪತ್ರೆ ಸೇರಿದ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು, "ಮೊದಲು ಅದನ್ನ ಕ್ಲೀನ್ ಮಾಡ್ಸಿ. ಆಮೇಲೆ ಮಗೂನ ಮನೆಗೆ ಕರ್ಕೊಂಡು ಹೋಗಿ."

ಅವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಅಕ್ಕನ ಫೋನ್.

"ಸಂಜೆ ಡಿಸ್ಚಾರ್ಜ್ ಕಣೋ. ಕೆಲಸ ಕಲಿತಿರೋರನ್ನೇ ಹಿಡಿ. ಜನರನ್ನ ಹಿಡಿಯೋದೇ ತಾನೆ ನಿನ್ನ ಕೆಲಸ?"

ಹಿಡಿದೆ... ನನ್ನ ರೀತಿಯಲ್ಲಿ! ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿ ಗದರಿದೆ. "ಎಷ್ಟು ಹೊತ್ತಾಗತ್ತೆ? ಪೂರ್ತಿ ಕ್ಲೀನ್ ಆಗತ್ತಾ?" ತಡವರಿಸಿದವನು ಕಳ್ಳ, ನೇರವಾಗಿ ಉತ್ತರಿಸಿದವನು ಸಾಚಾ. ನನ್ನ ಕಸುಬಿನಲ್ಲಿ ಇದೇ ಲೆಕ್ಕ.

ಒಬ್ಬ ಹೆಂಗಸು, "ನೋಡ್ದೆ ಹೇಗೆ ಹೇಳ್ಲಿ? ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು" ಅಂದಳು. ಜಾರಿಕೊಳ್ಳುತ್ತಿದ್ದಾಳೆ! ಕಳ್ಳಿ ಅಂತ ಬೈದು ಫೋನ್ ಕುಕ್ಕಿದೆ.

ಈ ವ್ಯಾನಿನವನೋ ಪಟಪಟನೆ ಹೇಳಿದ. "ಒಂದೇ ಗಂಟೆ ಸಾರ್! ಕನ್ನಡಿ ಥರ ಮಾಡ್ಕೊಡ್ತೀನಿ! ಸರ್ಟಿಫಿಕೇಟೂ ಇದೆ!"

ಬಂದ. ಮೆಷಿನ್ ಗುರ್ರೆನ್ನಿಸಿದ. ಗುಲಾಬಿ ವಾಸನೆಯ ಏನನ್ನೋ ಸ್ಪ್ರೇ ಹೊಡೆದ. ದುಡ್ಡು ಜೇಬಿಗಿಳಿಸಿ ಹೊರಟ. ಯಾಕೋ ಅನುಮಾನ ಬಂದು, ಸ್ಕ್ರೂ ಬಿಚ್ಚಿ ಡಕ್ಟ್ ಬಾಯಿಯ ಜಾಲರಿ ತೆಗೆದು ಕೈ ತೂರಿಸಿದೆ. ಮೊಣಕೈವರೆಗೆ ಫಳಫಳ. ಅಲ್ಲಿಂದಾಚೆ... ಕಂಬಳಿ ಹಾಸಿದಂತೆ ಧೂಳು!

ಕೆಳಗೆ ವ್ಯಾನ್ ಸ್ಟಾರ್ಟ್ ಆದ ಸದ್ದು ಕೇಳಿತು. ಮೆಟ್ಟಿಲು ಹಾರಿಕೊಂಡು ಓಡಿದೆ. ಹೀಗೆ ಕೈಗೆ ಸಿಕ್ಕಿದ್ದು ಈ ಕಾಲರ್.

"ಬೊಗಳೋ! ನಿನ್ನ ಅಸಲಿ ಕೆಲಸ ಏನು?"

"ಸೋಫಾ... ಸೋಫಾ ತೊಳೀತೀನಿ ಸಾರ್!"

"ಸರ್ಟಿಫಿಕೇಟು?"

"ಅದೂ ಸೋಫಾದೇ ಸಾರ್..."

ಎತ್ತಿದ ಕೈಯನ್ನು ಕಷ್ಟಪಟ್ಟು ತಡೆದೆ.

"ನಿನ್ನ ಮನೇಲೇ ಡಕ್ಟ್ ಕ್ಲೀನ್ ಮಾಡ್ಸಬೇಕಾದ್ರೆ ಯಾರನ್ನ ಕರೀತೀಯಾ? ನಿಜ ಹೇಳು!"

"ನಮ್ಮತ್ತೆ ಮನೆಗೆ ಒಬ್ರು ಮೇಡಂನ ಕರ್ಸಿದ್ದೆ ಸಾರ್."

"ನೀನೇ ಮಾಡ್ಬಹುದಿತ್ತಲ್ಲ?"

"ಅಯ್ಯೋ! ಅತ್ತೆ ಹತ್ರ ಈ ಆಟ ನಡೆಯಲ್ಲ ಸಾರ್!"

ಅವನು ನಂಬರ್ ಹೇಳಿದ. ಒತ್ತುತ್ತಿದ್ದಂತೆ ನನ್ನ ಫೋನೇ ಅದನ್ನು ಗುರುತು ಹಿಡಿಯಿತು. ಬೆಳಿಗ್ಗೆ ನಾನು ಬೈದು ಕುಕ್ಕಿದ ನಂಬರ್! ಅದೇ ಹೆಂಗಸು ಫೋನ್ ಎತ್ತಿದಳು.

"ಓ... ಕಳ್ಳಿ ಅಂದ್ರಲ್ಲ, ಅವರಾ?"

"ಹೌದು ಮೇಡಂ." ಚಾಕು ಹಿಡಿದವರೆದುರೂ ನಾನು ಇಷ್ಟು ಮೆತ್ತಗೆ ಮಾತಾಡಿದ್ದಿಲ್ಲ. "ತಪ್ಪಾಯ್ತು. ಸಂಜೆ ಮಗು ಬರ್ತಾಳೆ... ಅವಳಿಗೆ ಉಬ್ಬಸ..."

ಆ ಕಡೆ ಡೈರಿಯ ಹಾಳೆ ಮಗುಚಿದ ಸದ್ದು.

"ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲಿವರೆಗೂ ಮಗೂನ ಆ ಮನೆಗೆ ತರ್ಬೇಡಿ."

"ಎಷ್ಟು ಹೊತ್ತಾಗತ್ತೆ ಮೇಡಂ?"

"ನೋಡ್ದೆ ಹೇಗೆ ಹೇಳ್ಲಿ?"

ಈ ಸಲ ಫೋನ್ ಕುಕ್ಕಲಿಲ್ಲ; ಹಲ್ಲು ಕಚ್ಚಿಕೊಂಡು ವಿಳಾಸ ಹೇಳಿದೆ.

ಇನ್ನೊಂದು ರಾತ್ರಿ ಆಸ್ಪತ್ರೆಯಲ್ಲೇ ಇರಿ ಅಂತ ಅಕ್ಕನಿಗೆ ಹೇಳಿದಾಗ ಅವಳು ಸುಮ್ಮನಿರಲಿಲ್ಲ. "ಒಬ್ರನ್ನ ಹಿಡಿಯಕ್ಕಾಗಲಿಲ್ವಾ ನಿನ್ನ ಕೈಲಿ? ಮಾವ ಯಾವಾಗ ಕರ್ಕೊಂಡು ಹೋಗ್ತಾನೆ ಅಂತ ಮಗು ಬ್ಯಾಗ್ ಹಿಡ್ಕೊಂಡು ಕೂತಿದ್ದಾಳೆ!" ಆ ಮಾತು ಎದೆಗೆ ನಾಟಿತು.

ಮರುದಿನ ಮೇಡಂ ಬಂದರು. ಮೊದಲು ಕ್ಯಾಮೆರಾ ಒಳಗೆ ಹೋಯಿತು. ಆಮೇಲೆ ಜಾಲರಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿ, ದಪ್ಪ ಪೈಪಿನಿಂದ ಗಾಳಿಯನ್ನು ಹೊರಗೆ ಎಳೆಯುತ್ತಾ, ಉದ್ದದ ಬ್ರಷ್ ತಿರುಗಿಸುತ್ತಾ ಧೂಳನ್ನು ಬುಡಸಮೇತ ಎಬ್ಬಿಸಿದರು.

"ಉಬ್ಬಸದ ಮಗು ಇರೋ ಮನೇಲಿ ಸೆಂಟ್ ಹೊಡೆಸಿದ ಮಹಾನುಭಾವರು ಯಾರು?"

ನಾನು ಮೆಲ್ಲಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದೆ.

ಸಂಜೆಯಾಗುವ ಹೊತ್ತಿಗೆ ಮತ್ತೆ ಕ್ಯಾಮೆರಾ ಬಿಟ್ಟು ತೋರಿಸಿದರು. ಮೊಣಕೈ ಆಚೆಗೂ, ಕೊನೆಯವರೆಗೂ ಬರೀ ತಗಡು!

ಮಗು ಬಂದಳು. ಬ್ಯಾಗ್ ಎಸೆದು ನೇರವಾಗಿ ಜಾಲರಿಯ ಕೆಳಗೇ ಬಿದ್ದುಕೊಂಡಳು. ನಿದ್ದೆ ಹತ್ತಿತು. ಎದೆಯಲ್ಲಿ ಆ ಸುಂಯ್ ಸದ್ದು ಬರುತ್ತದೇನೋ ಎಂದು ನಾನು ಕಿವಿಗೊಟ್ಟು ಕಾದೆ... ಕಾದೆ... ಬರಲಿಲ್ಲ.

"ಏನೋ, ಅಳ್ತಿದ್ದೀಯಾ?" ಅಂದಳು ಅಕ್ಕ.

ಕಣ್ಣಿಗೆ ಧೂಳು ಬಿತ್ತು ಅನ್ನೋಣವೆಂದರೆ... ಹಾಳಾದ್ದು, ಮನೆಯಲ್ಲಿ ಧೂಳೇ ಇರಲಿಲ್ಲ!