ಹೊಟ್ಟೆಗೆ ಒಳ್ಳೆಯ ಪುಡಿ

ಹೊಲಿಗೆ ಹಾಕಿದ ಗಾಯ ಕೊಳೆತು ಮೂರನೇ ನಾಯಿ ಸತ್ತ ದಿನವೇ ನಮ್ಮ ಪ್ರಾಣಿ ಆಸ್ಪತ್ರೆಯ ಡಾಕ್ಟರ ಹೆಂಡತಿಗೆ ಜ್ವರ ಏರಿತು. ಪಿತ್ತಕೋಶದ ಆಪರೇಷನ್ ಆಗಿ ಸುಧಾರಿಸಿಕೊಳ್ಳುವ ಮೊದಲೇ ಗಂಡನ ಜೊತೆ ಅಲ್ಲೇ ಕೆಲಸಕ್ಕೆ ಬಂದಿದ್ದವರು ಅವರು. ರಕ್ತಕ್ಕೆ ಕ್ರಿಮಿ ಸೇರಿದೆ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಕೊಟ್ಟ ಯಾವ ಆಂಟಿಬಯಾಟಿಕ್‌ಗೂ ಅದು ಜಗ್ಗಲಿಲ್ಲ. ಉಳಿದ ಔಷಧಿಗಳ ಪರೀಕ್ಷೆ ಮುಗಿಯಲು ಇನ್ನೆರಡು ದಿನ ಬೇಕಿತ್ತು, ಅಷ್ಟು ದಿನ ಅವರು ಉಳಿಯುವ ಭರವಸೆ ಯಾರಿಗೂ ಇರಲಿಲ್ಲ.

ನಾನು ಆ ಪ್ರಾಣಿ ಆಸ್ಪತ್ರೆಯ ಕಾಂಪೌಂಡರ್. ಸತ್ತ ನಾಯಿಗಳನ್ನು ಎತ್ತಿ ಸಾಗಿಸಿದ್ದು ನಾನೇ ಆದ್ದರಿಂದ ರೋಗ ನನಗೂ ಅಂಟಿರಬಹುದೆಂಬ ಭಯವಿತ್ತು. ಮನೆಗೆ ಬಂದರೂ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳದೆ ಹೊಸ್ತಿಲಲ್ಲೇ ನಿಂತಿದ್ದೆ. ಅದನ್ನು ನೋಡಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಡೆದದ್ದನ್ನು ಕೇಳಿ ತಿಳಿದು, ಚಪ್ಪಲಿ ಮೆಟ್ಟಿಕೊಂಡು ನನ್ನೊಡನೆ ಪ್ರಾಣಿ ಆಸ್ಪತ್ರೆಗೆ ಹೊರಟರು. ಕುಡಿಯುವ ನೀರಿನ ಲ್ಯಾಬಿನಲ್ಲಿ ಕ್ರಿಮಿ ಹುಡುಕಿ ನಿವೃತ್ತರಾದವರು ಅವರು. ಈಗ ನಮ್ಮ ಜೊತೆಗಿದ್ದು ಬೀದಿಯ ಕಳ್ಳತನ, ಮೋಸಗಳ ಜಾಡು ಹಿಡಿಯುತ್ತಿದ್ದರು. ಸಕ್ಕರೆ ಡಬ್ಬಿಗೆ ಕೈ ಹಾಕಿದ ಅಳಿಯನನ್ನೂ ಬಿಟ್ಟವರಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗೂಡು ತೊಳೆಯುವವನ ಮೇಲೆ ಗೂಬೆ ಕೂರಿಸಿದ್ದರು. ಫಿನಾಯಿಲ್‌ಗೆ ನೀರು ಬೆರೆಸಿ ರೋಗ ಹಬ್ಬಿಸಿದನೆಂದು ಅವನನ್ನು ಮನೆಗೆ ಕಳಿಸಲು ಹೊರಟಿದ್ದರು. ಅತ್ತೆ ಗೂಡುಗಳ ಕಡೆ ಸುಳಿಯಲೇ ಇಲ್ಲ. ಸತ್ತ ನಾಯಿಗಳಲ್ಲೊಂದು ಗೂಡಿನಲ್ಲಿ ಇರಲೇ ಇಲ್ಲ, ದಿನವೂ ಮನೆಯಿಂದ ಬಂದು ಹೋಗುತ್ತಿತ್ತು ಎಂದು ನನ್ನ ಬಾಯಿಂದ ಹೊರಡಿಸಿದರು. ಗೂಡುಗಳಲ್ಲೇ ಇದ್ದ ಬೆಕ್ಕುಗಳು ಮಾತ್ರ ಗಟ್ಟಿಮುಟ್ಟಾಗಿದ್ದವು.

ಡಾಕ್ಟರ ಹೆಂಡತಿ ನಾಯಿಗಳಿಗೆ ಔಷಧಿ ಕೊಡುತ್ತಿದ್ದ ಬಗೆಯನ್ನು ಮಾಡಿ ತೋರಿಸಲು ಅತ್ತೆ ನನಗೆ ಹೇಳಿದರು. ಒಂದು ನಾಯಿಯನ್ನು ಕಂಕುಳಲ್ಲಿ ಅವುಚಿಕೊಂಡೆ. ಇನ್ನೊಂದು ಕೈಯಲ್ಲಿ ಪ್ರೊಬಯಾಟಿಕ್ ಪುಡಿಯ ಪೊಟ್ಟಣ ಎತ್ತಿ, ಅವರಂತೆಯೇ ಹಲ್ಲಿನಿಂದ ಹರಿಯಲು ಹೋದೆ.

"ಬಾಯಿಗೆ ಇಡಬೇಡಿ, ಅಳಿಯಂದಿರೇ. ಕೆಳಗಿಡಿ ಅದನ್ನ."

ಅತ್ತೆ ಹೀಗೆ ಕೂಗಿ, ನಾನು ಕೆಳಗಿಟ್ಟ ಪೊಟ್ಟಣವನ್ನು ತಿರುಗಿಸಿ ಓದಿದರು. ಪೊಟ್ಟಣದ ಮೇಲೆ 'ನಾಯಿಯ ಹೊಟ್ಟೆಗೆ ಒಳ್ಳೆಯ ಕ್ರಿಮಿಗಳು, ಆಂಟಿಬಯಾಟಿಕ್ ಜೊತೆಗೇ ಕೊಡಿ' ಎಂದು ಅಚ್ಚಾಗಿತ್ತು. ಪುಡಿ ತಯಾರಿಸುತ್ತಿದ್ದವನು ಡಾಕ್ಟರ ಬಾಮೈದ, ಹಾಸಿಗೆ ಹಿಡಿದಾಕೆಯ ಒಡಹುಟ್ಟಿದ ತಮ್ಮ. ಅತ್ತೆ ಅವನನ್ನು ಕೂಡಲೇ ಕರೆಸಿದರು.

ಔಷಧಿ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅತ್ತೆ ಮೊದಲು ಗೂಡು ತೊಳೆಯುವವನನ್ನು ಕೂರಿಸಿದರು. ಗೂಡಿನಿಂದ ರೋಗ ಬಂದಿದ್ದರೆ ಬೆಕ್ಕುಗಳು ಉಳಿಯುತ್ತಿರಲಿಲ್ಲ, ಮನೆಯಿಂದ ಬರುತ್ತಿದ್ದ ನಾಯಿ ಸಾಯುತ್ತಿರಲಿಲ್ಲ ಎಂದರು. ಪುಡಿಯನ್ನು ನಾಯಿಗಳಿಗೆ ಮಾತ್ರ ಕೊಡುತ್ತಿದ್ದರು. ಹಲ್ಲಿನಿಂದ ಹರಿಯುವಾಗ ಅದು ಡಾಕ್ಟರ ಹೆಂಡತಿಯ ಹೊಟ್ಟೆಗೂ ಇಳಿದಿತ್ತು. ಆಮೇಲೆ ಅತ್ತೆ ಬಾಮೈದನ ಕಡೆ ತಿರುಗಿದರು.

"ಆಂಟಿಬಯಾಟಿಕ್ ಕ್ರಿಮಿಗಳನ್ನ ಕೊಲ್ಲುತ್ತೆ. ಒಳ್ಳೇದು, ಕೆಟ್ಟದು ಅಂತ ನೋಡಲ್ಲ. ನಿನ್ನ ಕ್ರಿಮಿ ಹೇಗಪ್ಪಾ ಬದುಕುತ್ತೆ?"

ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೇನೋ ಹೇಳಿದ. ಕೊನೆಗೆ ನಿಜ ಹೊರಬಿತ್ತು. ಔಷಧಿಯ ಜೊತೆ ಕೊಟ್ಟರೆ ಪುಡಿ ದಂಡ ಎಂದು ಪ್ರಾಣಿ ಡಾಕ್ಟರುಗಳೆಲ್ಲ ದೂರುತ್ತಿದ್ದರಂತೆ. ಅದಕ್ಕೆ ಅವನು ಕ್ರಿಮಿಗಳನ್ನು ಒಂದೊಂದೇ ಆಂಟಿಬಯಾಟಿಕ್‌ನಲ್ಲಿ ಬೆಳೆಸಿ, ಸಾಯದೆ ಉಳಿದವನ್ನೇ ಆರಿಸಿ ತುಂಬಿದ್ದ. ಪ್ರಾಣಿಗಳಿಗೆ ಉಪಕಾರವಾಗಲೆಂದೇ ಮಾಡಿದ್ದೆಂದ.

"ಗಟ್ಟಿ ಹೊಟ್ಟೇಲಿ ಅದು ಸಾಧುವೇ," ಎಂದರು ಅತ್ತೆ. "ಸೋತ ಮೈಯಲ್ಲಿ ರಕ್ತಕ್ಕೆ ಇಳಿದ್ರೆ ಕೊಲ್ಲುತ್ತೆ. ಅದನ್ನ ನೀನು ಯಾವ ಔಷಧಿಯಲ್ಲಿ ಬೆಳೆಸಿಲ್ಲ? ಅದೊಂದು ಹೇಳು. ಅಲ್ಲಿ ನಿನ್ನ ಅಕ್ಕನಿಗೆ ಹೆಚ್ಚು ಹೊತ್ತಿಲ್ಲ."

ಅವನು ಮುಖ ಮುಚ್ಚಿಕೊಂಡು ಒಂದೇ ಒಂದು ಔಷಧಿಯ ಹೆಸರು ಹೇಳಿದ. ಆ ಕ್ರಿಮಿಯನ್ನು ಕೊಲ್ಲಬಲ್ಲ ಔಷಧಿ ಅದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ದೊಡ್ಡಾಸ್ಪತ್ರೆಗೆ ಅದನ್ನು ತಿಳಿಸಲು ಡಾಕ್ಟರು ಫೋನಿಗೆ ಓಡಿದರು.

ಆ ಔಷಧಿಗೆ ಜ್ವರ ಇಳಿಯಿತು. ಕಣ್ಣು ತೆರೆದಾಕೆಗೆ ತಮ್ಮನೇ ಎಲ್ಲವನ್ನೂ ಹೇಳಿ, ಕಾಲು ಹಿಡಿದು ಅತ್ತ. ಆಕೆ ಬಹಳ ಹೊತ್ತು ಅವನ ತಲೆ ಸವರಿದರು.

"ನೀನು ಬಂದು ಹೇಳಿದೆ, ನಾನು ಉಳಿದೆ," ಎಂದರು. "ಆ ಪುಡಿ ಎಷ್ಟು ಮನೆ ಸೇರಿದೆಯೋ. ಅಲ್ಲೆಲ್ಲ ಯಾರು ಹೋಗಿ ಹೇಳ್ತಾರೋ?"